ರೈಜನ್ 5 1600: ಎಂಟು ವರ್ಷದ ಜಮಾ-ಖರ್ಚು

ಭಾಗ 1/8: ಹಾಳಾಯ್ತಾ?

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ಕಂಪ್ಯೂಟರಿನ ಹೊಟ್ಟೆ. ಪಕ್ಕದ ತಗಡು ಬಿಚ್ಚಿ, ಧೂಳು ಒರೆಸಿ ತೆಗೆದಿದ್ದು. ನಡುವೆ ಇರೋ ದುಂಡನೆ ಫ್ಯಾನಿನ ಕೆಳಗೆ, ಅಂಗೈಯಲ್ಲಿ ಹಿಡಿಸುವಷ್ಟು ಒಂದು ಚೌಕ ಇದೆ. ಅದೇ ಪ್ರೊಸೆಸರ್. ಹೆಸರು ಎಎಂಡಿ ರೈಜನ್ 5 1600. ಅಣ್ಣ ಕೆಲಸಕ್ಕೆ ಸೇರಿದ ವರ್ಷ, 2017ರಲ್ಲಿ, ಕೂಡಿಸಿಟ್ಟ ಸಂಬಳದಲ್ಲಿ ಜೋಡಿಸಿದ ಕಂಪ್ಯೂಟರ್ ಇದು. ಅವನು ಲ್ಯಾಪ್‌ಟಾಪ್ ತಗೊಂಡ ಮೇಲೆ ನನ್ನ ಪಾಲಿಗೆ ಬಂತು. ನನ್ನ ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸು, ರಾತ್ರಿ ಹೊತ್ತಿನ ಗೇಮು, ಎಲ್ಲ ಇದರ ಮೇಲೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ಸರಿ, ವಿಂಡೋಸ್ 11 ಹಾಕೋಣ ಅಂತ ನೋಡಿದ್ರೆ, ಈ ಪ್ರೊಸೆಸರ್‌ಗೆ ಬೆಂಬಲ ಇಲ್ಲ ಅಂತ ಪರದೆ ಮೇಲೆ ಬಂತು. ಹಿಂದೆ ನಿಂತು ನೋಡ್ತಿದ್ದ ಅಪ್ಪ ಕೇಳಿದ್ದು ಒಂದೇ ಮಾತು: "ಅಂದ್ರೆ ಇದು ಹಾಳಾಯ್ತಾ?"

ಹಾಳಾಗಿಲ್ಲ. ಬೆಳಿಗ್ಗೆ ಬಟನ್ ಒತ್ತಿದ್ರೆ ಈಗಲೂ ಆನ್ ಆಗುತ್ತೆ. ಆದ್ರೆ ಹೊಸ ಕಂಪ್ಯೂಟರಿನ ದುಡ್ಡು ಮತ್ತು ನನ್ನ ಸಿಎ ಕೋಚಿಂಗ್ ದುಡ್ಡು ಎರಡೂ ಒಂದೇ ಡಬ್ಬಿಯಲ್ಲಿರೋದು. ಅದಕ್ಕೇ ಕೂತು ಇದರ ಪೂರ್ತಿ ಇತಿಹಾಸ ಓದಿದೆ. ಬಿಕಾಂ ಓದೋರಿಗೆ ಬರೋದು ಒಂದೇ ವಿದ್ಯೆ ನೋಡಿ, ಪುಟದ ಮಧ್ಯೆ ಗೆರೆ ಎಳೆದು ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಬರೆಯೋದು. ಹಾಗೆ ಬರೆದಾಗ ಒಂದು ವಿಷಯ ಕಂಡಿತು. ನಡುವಿನ ಬೆಲೆಯ ಪ್ರೊಸೆಸರಿನ ಗುಣ-ದೋಷದ ಪಟ್ಟಿ ಬಿಡುಗಡೆಯ ದಿನಕ್ಕೆ ಮುಗಿಯೋದಿಲ್ಲ. ವರ್ಷ ಕಳೆದ ಹಾಗೆ ಪಟ್ಟಿಯಲ್ಲಿದ್ದದ್ದು ಗೆರೆ ದಾಟಿ ಆ ಕಡೆ ಈ ಕಡೆ ಹೋಗ್ತಾ ಇರುತ್ತೆ.

ಈ ಸರಣಿ ಆ ಲೆಕ್ಕ. ನೀವೂ ಹಳೇ ಕಂಪ್ಯೂಟರ್ ಇಟ್ಕೊಂಡು ಯೋಚಿಸ್ತಾ ಇದ್ರೆ ಪೂರ್ತಿ ಓದಿ.

ಭಾಗ 2/8: ಹತ್ತು ವರ್ಷ, ನಾಲ್ಕೇ ಭಟ್ಟರು

ಮೊದಲು ಎರಡು ಪದ ತಿಳ್ಕೊಂಡು ಬಿಡೋಣ, ಆಮೇಲೆ ತೊಂದರೆ ಇರಲ್ಲ.

ಪ್ರೊಸೆಸರ್ ಅಂದ್ರೆ ಮದುವೆ ಮನೆಯ ಅಡುಗೆ ಕೋಣೆ ಅಂದ್ಕೊಳ್ಳಿ. ಕೋರ್ ಅಂದ್ರೆ ಒಬ್ಬ ಅಡುಗೆ ಭಟ್ಟರು. ಗಿಗಾಹರ್ಟ್ಜ್ ಅಂದ್ರೆ ಭಟ್ಟರ ಕೈ ಎಷ್ಟು ಚುರುಕು ಅನ್ನೋದು. ಥ್ರೆಡ್ ಅಂದ್ರೆ ಒಲೆ. ಕೆಲವು ಪ್ರೊಸೆಸರಲ್ಲಿ ಒಬ್ಬ ಭಟ್ಟರಿಗೆ ಒಂದೇ ಒಲೆ. ಇನ್ನು ಕೆಲವದರಲ್ಲಿ ಎರಡು: ಒಂದರಲ್ಲಿ ಸಾರು ಕುದೀತಾ ಇರುವಾಗ ಇನ್ನೊಂದರಲ್ಲಿ ಒಗ್ಗರಣೆ ಹಾಕ್ತಾರೆ. ಕೈ ಎರಡೇ, ಆದ್ರೆ ಸುಮ್ಮನೆ ನಿಲ್ಲೋ ಹೊತ್ತು ಕಡಿಮೆ.

ಈಗ ಇತಿಹಾಸ. ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಅನ್ನೋ ನಾಲ್ಕು ಕೋರಿನ ಪ್ರೊಸೆಸರ್ 2007ರ ಜನವರಿಯಲ್ಲಿ 851 ಡಾಲರ್‌ಗೆ ಬಂತು. ಅದೇ ಜುಲೈಗೆ ಬೆಲೆ 266ಕ್ಕೆ ಇಳೀತು. ಅಂದ್ರೆ ನಡುವಿನ ಬೆಲೆಗೆ ನಾಲ್ಕು ಕೋರ್ ಸಿಗೋ ಕಾಲ ಅಲ್ಲಿಂದ ಶುರು.

2011ರ ಜನವರಿ: ಕೋರ್ ಐ5-2500ಕೆ. 216 ಡಾಲರ್, ನಾಲ್ಕು ಕೋರ್, ನಾಲ್ಕು ಥ್ರೆಡ್.
2017ರ ಜನವರಿ: ಕೋರ್ ಐ5-7600ಕೆ. 242 ಡಾಲರ್, ನಾಲ್ಕು ಕೋರ್, ನಾಲ್ಕು ಥ್ರೆಡ್.

ಹತ್ತು ವರ್ಷ, ಭಟ್ಟರ ಸಂಖ್ಯೆ ಅಷ್ಟೇ. ಇಂಟೆಲ್ ಸುಮ್ಮನೆ ಕೂತಿತ್ತು ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ಒಂದೊಂದು ಕೋರೂ ವರ್ಷ ವರ್ಷ ಚುರುಕಾಯ್ತು, ಕರೆಂಟು ಕಡಿಮೆ ತಿನ್ನೋ ಹಾಗಾಯ್ತು. 2500ಕೆ ಅಂತೂ ವೇಗ ಏರಿಸಿ ಓಡಿಸೋರಿಗೆ ಪ್ರೀತಿಯ ಪ್ರೊಸೆಸರ್. ಆದ್ರೆ ಎರಡನೇ ಒಲೆ ಬೇಕು ಅಂದ್ರೆ ಐ7 ತಗೋಬೇಕಿತ್ತು. 2017ರ ಐ7-7700ಕೆಗೆ 339 ಡಾಲರ್. ಅದರಲ್ಲೂ ಕೋರ್ ನಾಲ್ಕೇ.

ನಮ್ಮ ಮೈಕ್ರೋ ಎಕನಾಮಿಕ್ಸ್ ಪುಸ್ತಕದಲ್ಲಿ ಬೆಲೆ ತಾರತಮ್ಯ ಅಂತ ಒಂದು ಅಧ್ಯಾಯ ಇದೆ. ಗಿರಾಕಿ ಎಷ್ಟು ಕೊಡಬಲ್ಲ ಅಂತ ನೋಡಿ ಸರಕನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸೋದು. ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಿನ್ನೂ ಸಿಕ್ಕಿಲ್ಲ. ಎದುರಿಗೆ ಸರಿಯಾದ ಪೈಪೋಟಿ ಇಲ್ಲದಾಗ ಮೆಟ್ಟಿಲು ಕದಲೋದಿಲ್ಲ.

ಪೈಪೋಟಿ ಕೊಡಬೇಕಾದೋರು ಎಲ್ಲಿದ್ರು? ಮುಂದಿನ ಭಾಗ.

ಭಾಗ 3/8: ಮನೆ ಮಾರಿ ಅದೇ ಮನೆಯಲ್ಲಿ ಬಾಡಿಗೆಗೆ

ಈ ಫೋಟೋದಲ್ಲಿರೋದು ನನ್ನ ಕಾರ್ಪೊರೇಟ್ ಅಕೌಂಟಿಂಗ್ ನೋಟ್ಸು. ಯಾಕೆ ಅಂತ ಹೇಳ್ತೀನಿ.

ಮನೆ-ಆಫೀಸಿನ ಡೆಸ್ಕ್‌ಟಾಪ್ ಪ್ರೊಸೆಸರ್ ಮಾರುಕಟ್ಟೆಯಲ್ಲಿ ಇರೋದು ಇಬ್ಬರೇ ಅನ್ನಬಹುದು: ಇಂಟೆಲ್ ಮತ್ತು ಎಎಂಡಿ. ಪುಸ್ತಕದ ಭಾಷೇಲಿ ದ್ವಿಸ್ವಾಮ್ಯ. 2011ರ ಅಕ್ಟೋಬರಿನಲ್ಲಿ ಎಎಂಡಿ ಬುಲ್‌ಡೋಜರ್ ವಿನ್ಯಾಸದ ಎಫ್‌ಎಕ್ಸ್-8150 ತಂದಿತು. ಡಬ್ಬದ ಮೇಲೆ ಎಂಟು ಕೋರ್ ಅಂತ. ಒಳಗೆ ನೋಡಿದ್ರೆ ಎರಡೆರಡು ಕೋರ್ ಜೋಡಿಯಾಗಿ, ದಶಮಾಂಶದ ಲೆಕ್ಕ ಮಾಡೋ ಭಾಗವನ್ನ ಹಂಚ್ಕೊಂಡಿದ್ವು. ಒಂದೇ ಮಸಾಲೆ ರುಬ್ಬೋ ಕಲ್ಲಿಗೆ ಇಬ್ಬರು ಭಟ್ಟರು ಕಾದ ಹಾಗೆ. ಒಂದೊಂದು ಕೋರಿನ ಕೆಲಸ ಇಂಟೆಲ್‌ಗಿಂತ ನಿಧಾನ, ಬಿಸಿ ಜಾಸ್ತಿ.

ಅದನ್ನ ಎಂಟು ಕೋರ್ ಅಂತ ಕರೆದದ್ದು ಸರಿಯಾ ಅಂತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2019ರಲ್ಲಿ ಎಎಂಡಿ ತಪ್ಪು ಒಪ್ಪದೇ 1.21 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡಿತು.

ಕಂಪನಿಯ ಸ್ಥಿತಿ ಹೇಗಿತ್ತು ಗೊತ್ತಾ? 2013ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದ ತನ್ನ ಕ್ಯಾಂಪಸ್ಸನ್ನ 16.4 ಕೋಟಿ ಡಾಲರ್‌ಗೆ ಮಾರಿ, ಅದೇ ಕಟ್ಟಡಗಳನ್ನ ಬಾಡಿಗೆಗೆ ತಗೊಂಡಿತು. ನಮ್ಮ ಸಿಲಬಸ್ಸಿನ 'ಸೇಲ್ ಅಂಡ್ ಲೀಸ್‌ಬ್ಯಾಕ್' ಇದೇ. ಕೈಯಲ್ಲಿ ನಗದು ಇಲ್ಲದೋರು ಹುಡುಕೋ ದಾರಿ. 2015ರಲ್ಲಿ ಶೇರಿನ ಬೆಲೆ 2 ಡಾಲರ್‌ಗಿಂತ ಕೆಳಗೆ ಹೋಗಿತ್ತು.

ಇಷ್ಟರ ಮಧ್ಯೆಯೂ ಒಂದು ಖರ್ಚನ್ನ ಅವರು ನಿಲ್ಲಿಸಲಿಲ್ಲ. 2012ರಲ್ಲಿ ಹೆಸರಾಂತ ವಿನ್ಯಾಸಕ ಜಿಮ್ ಕೆಲ್ಲರ್ ಕಂಪನಿಗೆ ವಾಪಸ್ ಬಂದ್ರು. ಸೊನ್ನೆಯಿಂದ ಹೊಸ ವಿನ್ಯಾಸ ಶುರುವಾಯ್ತು. ಹೆಸರು ಜೆನ್. 2014ರ ಅಕ್ಟೋಬರಿನಲ್ಲಿ ಲೀಸಾ ಸು ಸಿಇಒ ಆದರು. 2015ರಲ್ಲಿ ಕೆಲ್ಲರ್ ಹೊರಟರು, ಕೆಲಸ ಮುಂದುವರಿಯಿತು. ಮನೆ ಮಾರಿದೋರು ಬಿತ್ತನೆ ಬೀಜ ಮಾತ್ರ ಮಾರಲಿಲ್ಲ.

ಭಾಗ 4/8: 2017ರ ಏಪ್ರಿಲ್ 11

ರೈಜನ್ 7 ಮೊದಲು ಬಂತು, ಮಾರ್ಚಲ್ಲಿ. ನಮ್ಮಂಥೋರ ಕೈಗೆಟುಕೋ ರೈಜನ್ 5 ಬಂದಿದ್ದು 2017ರ ಏಪ್ರಿಲ್ 11ಕ್ಕೆ. ಅದರಲ್ಲಿ 1600ರ ಬೆಲೆ 219 ಡಾಲರ್.

ಜಮಾ ಕಡೆ ಬರೀತಾ ಹೋಗೋಣ.

ಒಂದು: ಆರು ಕೋರ್, ಹನ್ನೆರಡು ಥ್ರೆಡ್. ಅದಕ್ಕಿಂತ 23 ಡಾಲರ್ ಜಾಸ್ತಿ ಬೆಲೆಯ ಐ5-7600ಕೆಯಲ್ಲಿ ನಾಲ್ಕು, ನಾಲ್ಕು. ವಿಡಿಯೋ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಕೊಡೋದು, ದೊಡ್ಡ ಫೈಲ್ ಜಿಪ್ ಮಾಡೋದು, ಇಂಥ ಕಡೆ 1600 ಸಲೀಸಾಗಿ ಮುಂದೆ ಹೋಯ್ತು.

ಎರಡು: 65 ವ್ಯಾಟ್ ವರ್ಗ, ಮತ್ತು ಡಬ್ಬದಲ್ಲೇ ಒಳ್ಳೆ ಕೂಲರ್. 7600ಕೆ ಡಬ್ಬದಲ್ಲಿ ಕೂಲರೇ ಇರಲಿಲ್ಲ, ಬೇರೆ ತಗೋಬೇಕಿತ್ತು.

ಮೂರು: ವೇಗ ಏರಿಸೋ ಬೀಗ ಎಲ್ಲ ರೈಜನ್‌ಗೂ ತೆರೆದಿತ್ತು, ಬಿ350ನಂಥ ಅಗ್ಗದ ಮದರ್‌ಬೋರ್ಡಲ್ಲೂ ಆಗ್ತಿತ್ತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರೋ ಪ್ರೊಸೆಸರೂ ಬೇಕು, ದುಬಾರಿ ಝಡ್ ಸರಣಿಯ ಬೋರ್ಡೂ ಬೇಕು.

ಇಷ್ಟು ಕಡಿಮೆಗೆ ಹೇಗೆ ಕೊಟ್ರು? ಇಲ್ಲಿ ಕಾಸ್ಟ್ ಅಕೌಂಟಿಂಗ್ ಇದೆ ನೋಡಿ. ಮೊದಲ ತಲೆಮಾರಿನ ಡೆಸ್ಕ್‌ಟಾಪ್ ರೈಜನ್ 7, 5, 3 ಎಲ್ಲ ಒಂದೇ ಎಂಟು ಕೋರಿನ ಸಿಲಿಕಾನ್ ತುಂಡು. ಗ್ಲೋಬಲ್‌ಫೌಂಡ್ರೀಸ್‌ನ 14 ನ್ಯಾನೋಮೀಟರ್ ವಿಧಾನದಲ್ಲಿ ಮಾಡಿದ್ದು, ಸುಮಾರು 480 ಕೋಟಿ ಟ್ರಾನ್ಸಿಸ್ಟರ್. ಎಂಟೂ ಕೋರ್ ಸರಿ ಇದ್ರೆ ರೈಜನ್ 7. ಒಂದೆರಡರಲ್ಲಿ ದೋಷ ಇದ್ರೆ ಆ ಎರಡನ್ನ ಮುಚ್ಚಿ 1600 ಅಂತ ಮಾರೋದು. ಕೆಲವು ಸಲ ಎಂಟೂ ಸರಿ ಇದ್ರೂ, ಬೇಡಿಕೆಗೆ ತಕ್ಕ ಹಾಗೆ ಎರಡನ್ನ ಮುಚ್ಚೋದು. ಸರ್ವರ್‌ಗೆ ಮಾರೋ ಎಪಿಕ್ ಪ್ರೊಸೆಸರಿನ ಒಳಗೂ ಇಂಥವೇ ನಾಲ್ಕು ತುಂಡು. ವಿನ್ಯಾಸದ ಖರ್ಚು ಒಂದು, ಅದು ಹಂಚಿಹೋಗೋದು ಎಷ್ಟೊಂದು ಸರಕಿನ ಮೇಲೆ! ಎಸೆಯಬೇಕಾದ್ದು ಕೂಡ ಸರಕಾಯ್ತು.

ಮುರಿದ ಗೋಡಂಬಿಯನ್ನ ತುಂಡು ಗೋಡಂಬಿ ಅಂತ ಬೇರೆ ಬೆಲೆಗೆ ಮಾರಲ್ವಾ, ಹಾಗೇ. ಪಾಯಸಕ್ಕೆ ಅದೂ ಆಗುತ್ತೆ.

ಭಾಗ 5/8: ಈಗ ಖರ್ಚಿನ ಕಡೆ

ಬರೀ ಹೊಗಳಿ ನಿಲ್ಲಿಸಿದ್ರೆ ಅದು ಜಾಹೀರಾತು ಆಗುತ್ತೆ, ಲೆಕ್ಕ ಆಗಲ್ಲ. 2017ರಲ್ಲಿ 1600ರ ದೋಷಗಳು ಸಣ್ಣವಾಗಿರಲಿಲ್ಲ.

ಒಂದು: ಒಬ್ಬೊಬ್ಬ ಭಟ್ಟರ ಕೈ ನಿಧಾನ. 1600ರ ಮೂಲ ವೇಗ 3.2, ಏರಿದ್ರೆ 3.6 ಗಿಗಾಹರ್ಟ್ಜ್. ಎಷ್ಟು ಒದ್ದಾಡಿದ್ರೂ ಸಾಮಾನ್ಯವಾಗಿ 4ರ ಆಸುಪಾಸಲ್ಲಿ ನಿಂತುಬಿಡ್ತಿತ್ತು. 7600ಕೆ ತಾನಾಗೇ 4.2ಕ್ಕೆ ಹೋಗ್ತಿತ್ತು. ಆ ಕಾಲದ ಬಹಳಷ್ಟು ಗೇಮ್‌ಗಳಿಗೆ ಬೇಕಾಗಿದ್ದು ಕೆಲವೇ ಚುರುಕು ಕೈ. ಹಾಗಾಗಿ ಗೇಮಲ್ಲಿ ಐ5 ಮುಂದೆ ಇರೋದೇ ಹೆಚ್ಚು.

ಎರಡು: ಅಡುಗೆ ಕೋಣೆ ಎರಡು ಭಾಗ. ಆರು ಕೋರೂ ಒಟ್ಟಿಗೆ ಇಲ್ಲ, ಮೂರು ಈ ಕೋಣೆ, ಮೂರು ಆ ಕೋಣೆ. ಈ ಕೋಣೆಯ ಭಟ್ಟರಿಗೆ ಆ ಕೋಣೆಯ ಪಾತ್ರೆ ಬೇಕಾದ್ರೆ ನಡುವಿನ ಓಣಿ ದಾಟಬೇಕು. ಆ ಓಣಿಯ ವೇಗ ರ‍್ಯಾಮಿನ ವೇಗಕ್ಕೆ ಕಟ್ಟಿಹಾಕಿತ್ತು. ನಿಧಾನದ ರ‍್ಯಾಮ್ ಹಾಕಿದ್ರೆ ಪ್ರೊಸೆಸರೇ ನಿಧಾನ.

ಮೂರು: ರ‍್ಯಾಮಿನ ಜಗಳ. ಶುರುವಿನ ತಿಂಗಳಲ್ಲಿ ಬೋರ್ಡಿನ ಬಯೋಸ್ ಹಸಿಹಸಿಯಾಗಿತ್ತು. ಎಷ್ಟೋ ರ‍್ಯಾಮ್ ತನ್ನ ಡಬ್ಬದ ಮೇಲಿನ ವೇಗಕ್ಕೆ ಹೋಗ್ತಿರಲಿಲ್ಲ. ನಮ್ಮ ಅಣ್ಣನೂ ಎರಡು ವಾರ ಇದೇ ಒದ್ದಾಟದಲ್ಲಿದ್ದ, ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಸರಿಹೋಯ್ತು.

ನಾಲ್ಕು: ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೇ ಇದ್ರೆ ಪರದೆ ಕಪ್ಪು. ಐ5ನಲ್ಲಿ ಅದು ಒಳಗೇ ಇತ್ತು.

ಐದು: ಶುರುವಿನ ಕೆಲವು ತುಂಡುಗಳಲ್ಲಿ, ಲಿನಕ್ಸ್ ಮೇಲೆ ಎಲ್ಲ ಕೋರಿಗೂ ಭಾರಿ ಕೆಲಸ ಕೊಟ್ಟಾಗ ಪ್ರೋಗ್ರಾಮ್ ಮಧ್ಯದಲ್ಲೇ ಬಿದ್ದುಹೋಗ್ತಿತ್ತು. ಎಎಂಡಿ ಒಪ್ಪಿಕೊಂಡು ಬದಲಾಯಿಸಿ ಕೊಟ್ಟಿತು.

ಈಗ ಪ್ರಾಮಾಣಿಕವಾಗಿ ಹೇಳಿ. 2017ರಲ್ಲಿ ಒಂದು ಅಂಗಡಿಗೆ, ಬರೀ ಟ್ಯಾಲಿ ಮತ್ತು ಎಕ್ಸೆಲ್‌ಗೆ ಕಂಪ್ಯೂಟರ್ ಬೇಕಾಗಿದ್ರೆ ಯಾವುದು ಸರಿ? ಗ್ರಾಫಿಕ್ಸ್ ಕಾರ್ಡಿನ ದುಡ್ಡು ಉಳಿಸೋ, ಒಂದು ಕೈ ಚುರುಕಾಗಿರೋ ಐ5. ಆ ದಿನದ ಆ ಗಿರಾಕಿಗೆ ಅದೇ ಸರಿ. ನಾನು ಅಲ್ಲಿದ್ರೂ ಅದನ್ನೇ ಹೇಳ್ತಿದ್ದೆ.

ಭಾಗ 6/8: ಆರು ತಿಂಗಳಲ್ಲಿ ಮೆಟ್ಟಿಲು ಕದಲಿತು

ಹತ್ತು ವರ್ಷ ಅಲ್ಲಾಡದ ನಾಲ್ಕರ ಲೆಕ್ಕ, ರೈಜನ್ 5 ಬಂದು ಆರು ತಿಂಗಳಾಗೋದ್ರೊಳಗೆ ಮುರೀತು.

2017ರ ಅಕ್ಟೋಬರ್ 5ಕ್ಕೆ ಇಂಟೆಲ್ ಕೋರ್ ಐ5-8400 ಮಾರಾಟಕ್ಕೆ ಬಿಟ್ಟಿತು. 182 ಡಾಲರ್. ಆರು ಕೋರ್, ಆರು ಥ್ರೆಡ್, ವೇಗ 4 ಗಿಗಾಹರ್ಟ್ಜ್‌ವರೆಗೆ, ಒಳಗೇ ಗ್ರಾಫಿಕ್ಸ್, ಡಬ್ಬದಲ್ಲೇ ಕೂಲರ್. ಗೇಮಲ್ಲಿ 1600ಕ್ಕಿಂತ ಮುಂದೆ. ಬೆಲೆ ಕಡಿಮೆ. ಸುಳ್ಳು ಹೇಳೋದು ಯಾಕೆ, ಒಳ್ಳೆ ಪ್ರೊಸೆಸರ್.

ಅದರ ಖರ್ಚಿನ ಕಡೆಯೂ ಇತ್ತು. ಸಾಕೆಟ್ಟಿನ ಹೆಸರು ಹಳೇದೇ, ಎಲ್‌ಜಿಎ 1151. ಆದ್ರೆ ಹಳೇ ಬೋರ್ಡಿಗೆ ಬೆಂಬಲ ಇಲ್ಲ. ಹೊಸದರಲ್ಲಿ ಮೊದಲು ಸಿಕ್ಕಿದ್ದು ದುಬಾರಿ ಝಡ್370 ಮಾತ್ರ, ಅಗ್ಗದ ಬಿ360 ಬರೋಕೆ 2018ರ ಏಪ್ರಿಲ್ ಆಯ್ತು. ಪ್ರೊಸೆಸರಲ್ಲಿ ಉಳಿಸಿದ್ದು ಬೋರ್ಡಲ್ಲಿ ಹೋಯ್ತು.

2018ರ ಜನವರಿಯಲ್ಲಿ ಇನ್ನೊಂದು ಸುದ್ದಿ. ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಅನ್ನೋ ಭದ್ರತಾ ದೋಷಗಳು ಬಯಲಾದ್ವು. ಕೆಲಸ ಬೇಗ ಆಗಲಿ ಅಂತ ಪ್ರೊಸೆಸರ್ ಮುಂದಿನ ಹೆಜ್ಜೆ ಊಹಿಸಿ ಮೊದಲೇ ಮಾಡಿಡುತ್ತೆ. ಆ ಊಹೆಯ ಜಾಡು ಹಿಡಿದು ಗುಟ್ಟು ಕದಿಯೋ ದಾರಿ ಅದು. ಸ್ಪೆಕ್ಟರ್ ಎರಡೂ ಕಂಪನಿಗೆ ತಟ್ಟಿತು. ಮೆಲ್ಟ್‌ಡೌನ್ ಇಂಟೆಲ್‌ಗೆ ತಟ್ಟಿತು, ಎಎಂಡಿಗೆ ತಟ್ಟಲಿಲ್ಲ. ದೋಷ ಮುಚ್ಚೋ ಅಪ್‌ಡೇಟ್‌ಗಳು ಕೆಲವು ಕೆಲಸಗಳಲ್ಲಿ ವೇಗ ತಿಂದ್ವು. ಬಿಡುಗಡೆಯ ದಿನ ಗುಣ ಅಂತ ಬರೆದಿದ್ದ ಚುರುಕಿನ ಬೆನ್ನಲ್ಲೇ ಒಂದು ಸಾಲ ಇತ್ತು ಅಂತ ಆಗ ಗೊತ್ತಾಯ್ತು.

2020ರಲ್ಲಿ ಐ5-10400 ಬಂತು. ಅದೇ 182 ಡಾಲರ್, ಆರು ಕೋರ್, ಈ ಸಲ ಹನ್ನೆರಡು ಥ್ರೆಡ್. ಎರಡನೇ ಒಲೆ ಕೊನೆಗೂ ಐ5 ತಗೊಳ್ಳೋರಿಗೆ ಸಿಕ್ಕಿತು.

ಇಲ್ಲಿ ನನಗೆ ಪಾಪ ಅನ್ಸೋದು 2017ರ ಜನವರಿಯಲ್ಲಿ 7600ಕೆ ತಗೊಂಡೋರ ಬಗ್ಗೆ. ಒಂಬತ್ತು ತಿಂಗಳಲ್ಲಿ ಅದೇ ಕಂಪನಿ, ಕಡಿಮೆ ಬೆಲೆಗೆ, ಎರಡು ಕೋರ್ ಜಾಸ್ತಿ ಕೊಟ್ಟಿತು. ಇನ್ನೊಂದು ಮಾತು ನೋಡಿ: ಇಂಟೆಲ್ ತಗೊಂಡೋರಿಗೂ ರೈಜನ್ನಿನ ಲಾಭ ಆಯ್ತು. ನೀವು ಆ ಅಂಗಡಿಗೆ ಹೋಗದೇ ಇದ್ರೂ, ಎದುರಿಗೆ ಇನ್ನೊಂದು ಅಂಗಡಿ ಇದ್ರೆ ನಿಮ್ಮ ಅಂಗಡಿಯವನು ತೂಕ ಸರಿಯಾಗಿ ಹಾಕ್ತಾನೆ.

ಭಾಗ 7/8: ಗೆರೆ ದಾಟಿದ ಸಾಲುಗಳು

ಈಗ ಎಂಟು ವರ್ಷ ಆದ ಮೇಲೆ ಅದೇ ಪಟ್ಟಿ ತೆಗೆದು ನೋಡೋಣ.

ಹನ್ನೆರಡು ಥ್ರೆಡ್: 2017ರಲ್ಲಿ ಗೇಮ್ ಆಡೋರಿಗೆ ಇದು ಹೆಚ್ಚಿಗೆ ಆಯ್ತು ಅನ್ನಿಸಿತ್ತು. 2020ರ ನವೆಂಬರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಂಟು ಜೆನ್ 2 ಕೋರ್. ಗೇಮ್ ಮಾಡೋರು ಅದಕ್ಕೆ ತಕ್ಕ ಹಾಗೆ ಬರೆಯತೊಡಗಿದ್ರು. ನಾಲ್ಕು ಥ್ರೆಡ್ಡಿನ ಐ5ಗಳಿಗೆ ಉಸಿರು ಕಟ್ಟೋಕೆ ಶುರುವಾಯ್ತು. ಹೆಚ್ಚಿಗೆ ಅನ್ನಿಸಿದ್ದು ಜಮಾಗೆ ಬಂತು.

ಸಾಕೆಟ್: 1600 ಕೂರೋದು ಎಎಂ4 ಅನ್ನೋ ಸಾಕೆಟ್ಟಲ್ಲಿ. 2017ರಲ್ಲಿ ಯಾರೂ ಇದಕ್ಕೆ ದೊಡ್ಡ ಬೆಲೆ ಕಟ್ಟಿರಲಿಲ್ಲ. 2020ರ ಮೇನಲ್ಲಿ ಎಎಂಡಿ, ಮುಂದಿನ ಜೆನ್ 3 ಪ್ರೊಸೆಸರ್ ಹಳೇ ಬೋರ್ಡುಗಳಿಗೆ ಬರಲ್ಲ ಅಂತ ಹೇಳಿತು. ಗ್ರಾಹಕರು ಗಲಾಟೆ ಎಬ್ಬಿಸಿದ್ರು. ಕೆಲವೇ ದಿನದಲ್ಲಿ ಕಂಪನಿ ಮಾತು ಬದಲಿಸಿ ಬಿ450, ಎಕ್ಸ್470 ಬೋರ್ಡಿಗೆ ಕೊಡ್ತೀವಿ ಅಂತು. ನಮ್ಮನೆಯಲ್ಲಿರೋ ಬಿ350 ಥರದ ಇನ್ನೂ ಹಳೇ ಬೋರ್ಡಿಗೆ ಆ ಭಾಗ್ಯ ಬಂದಿದ್ದು 2022ರಲ್ಲಿ. ಇದು ತಾನಾಗಿ ಸಿಕ್ಕ ಗುಣ ಅಲ್ಲ, ಬಾಯಿ ಮಾಡಿ ಪಡೆದದ್ದು.

ವಿಂಡೋಸ್ 11: 2021ರ ಅಕ್ಟೋಬರಲ್ಲಿ ಬಂತು. ಮೈಕ್ರೋಸಾಫ್ಟ್ ಗೆರೆ ಎಳೆದದ್ದು, ಸಾಮಾನ್ಯವಾಗಿ ಹೇಳೋದಾದ್ರೆ, ಇಂಟೆಲ್‌ನ ಎಂಟನೇ ತಲೆಮಾರು ಮತ್ತು ರೈಜನ್ 2000 ಸರಣಿಯ ಹತ್ತಿರ. ಮೊದಲ ತಲೆಮಾರಿನ ಜೆನ್ ಪ್ರೊಸೆಸರುಗಳನ್ನ ಎಎಂಡಿ ಜೊತೆ ಸೇರಿ ಪರಿಶೀಲಿಸಿ, ಸೇರಿಸೋದಿಲ್ಲ ಅಂತ ತೀರ್ಮಾನ ಮಾಡಿದ್ರು. ಹಾಗಾಗಿ ಏಪ್ರಿಲಲ್ಲಿ ಬಂದ 1600 ಹೊರಗೆ, ಅದೇ ವರ್ಷ ಅಕ್ಟೋಬರಲ್ಲಿ ಬಂದ 8400 ಒಳಗೆ. ಜನವರಿಯ 7600ಕೆ ಕೂಡ ಹೊರಗೆ. ಆರು ತಿಂಗಳು ತಡವಾಗಿ ತಗೊಂಡಿದ್ರೆ ಅಣ್ಣನಿಗೆ ಈ ತಾಪತ್ರಯ ಇರ್ತಿರಲಿಲ್ಲ. ಆದ್ರೆ 2017ರಲ್ಲಿ ಇದನ್ನ ಯಾರು ತಾನೇ ಊಹಿಸಬಹುದಿತ್ತು?

ಈಗ ಈ ಎರಡು ಸಾಲನ್ನ ಒಟ್ಟಿಗೆ ಓದಿ. 1600 ಹೊರಗೆ, ನಿಜ. ಅದು ಕೂತಿರೋ ಬೋರ್ಡಿಗೆ, ತಯಾರಕರು ಬಯೋಸ್ ಕೊಟ್ಟಿದ್ರೆ, 2022ರಲ್ಲಿ ಬಂದ ರೈಜನ್ 5 5600 ಹಾಕಬಹುದು. ಅದು ವಿಂಡೋಸ್ 11ಕ್ಕೆ ಒಳಗೆ. 7600ಕೆ ಇಟ್ಕೊಂಡೋರು ಈ ದಾರಿ ಹಿಡಿಯೋಕಾಗಲ್ಲ, ಬೋರ್ಡೂ ಬದಲಾಯಿಸಬೇಕು.

ಭಾಗ 8/8: 1 ರೂಪಾಯಿ 68 ಪೈಸೆ

ಕೊನೆಯ ಫೋಟೋ: ಕ್ಯಾಲ್ಕುಲೇಟರ್.

ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ ವರ್ಷಕ್ಕೆ ಶೇ. 40, ಉಳಿದ ಮೌಲ್ಯದ ಮೇಲೆ. 100 ರೂಪಾಯಿಯ ಕಂಪ್ಯೂಟರ್ ಒಂದು ವರ್ಷಕ್ಕೆ 60, ಎರಡಕ್ಕೆ 36, ಮೂರಕ್ಕೆ 21.60. ಹಾಗೇ ಒತ್ತುತ್ತಾ ಹೋದೆ. ಎಂಟನೇ ವರ್ಷದ ಕೊನೆಗೆ ಉಳಿದಿದ್ದು 1 ರೂಪಾಯಿ 68 ಪೈಸೆ. ಪುಸ್ತಕದ ಪ್ರಕಾರ ಅಪ್ಪ ಕೇಳಿದ್ದು ಸರಿಯೇ.

ಆದ್ರೆ ಆ ಸವಕಳಿ ಸೂತ್ರಕ್ಕೆ ಸಾಕೆಟ್ ಗೊತ್ತಿಲ್ಲ. ಮುಚ್ಚಿದ ಎರಡು ಕೋರ್, ಹೆಚ್ಚುವರಿ ಆರು ಥ್ರೆಡ್, 2020ರ ಗಲಾಟೆ, ಇದ್ಯಾವುದೂ ಗೊತ್ತಿಲ್ಲ. ಅದು ಕ್ಯಾಲೆಂಡರ್ ಮಾತ್ರ ನೋಡುತ್ತೆ.

ನಾನು ಮಾಡಿದ ತೀರ್ಮಾನ ಇದು. ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡ್ತಿದೆ. ಅದಕ್ಕೆ ನೋಂದಾಯಿಸಿಕೊಂಡೆ. ಅಷ್ಟರೊಳಗೆ ಎಸ್‌ಪಿ ರೋಡಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ 5600 ನೋಡ್ತೀನಿ. ಬೋರ್ಡು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು ಎಲ್ಲ ಹಾಗೇ ಇರುತ್ತೆ. ಕೋಚಿಂಗ್ ದುಡ್ಡಿಗೆ ಕೈ ಹಾಕಲ್ಲ.

ನೀವೂ ಇದೇ ದಾರೀಲಿ ಹೋಗೋದಾದ್ರೆ ಎರಡು ಎಚ್ಚರಿಕೆ. ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಕೂರಿಸಿ. ನಿಮ್ಮ ಬೋರ್ಡಿನ ಬೆಂಬಲ ಪಟ್ಟಿಯಲ್ಲಿ ಹೊಸ ಪ್ರೊಸೆಸರಿನ ಹೆಸರು ಇದೆಯಾ ಅಂತ ಮೊದಲು ನೋಡಿ, ಆಮೇಲೆ ದುಡ್ಡು ಕೊಡಿ.

ಮುಂದೆ ನಡುವಿನ ಬೆಲೆಯ ಪ್ರೊಸೆಸರ್ ತಗೊಳ್ಳೋವಾಗ, ಇವತ್ತಿನ ವೇಗದ ಪಟ್ಟಿಯ ಜೊತೆ ಮೂರು ಪ್ರಶ್ನೆ ಕೇಳಿ. ನನ್ನ ಕೆಲಸಕ್ಕೆ ಚುರುಕು ಕೈ ಬೇಕಾ, ಜಾಸ್ತಿ ಕೈ ಬೇಕಾ? ಗ್ರಾಫಿಕ್ಸ್, ಕೂಲರ್, ಬೋರ್ಡು ಎಲ್ಲ ಸೇರಿ ಬಿಲ್ ಎಷ್ಟು? ಐದು ವರ್ಷದ ನಂತರ ಇದೇ ಬೋರ್ಡಲ್ಲಿ ಬೇರೆ ಏನಾದ್ರೂ ಕೂರುತ್ತಾ?

ಅಪ್ಪನಿಗೆ ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಹಾಗಾದ್ರೆ ಹಳೇದನ್ನ ಎಸೀಬೇಡ, ಯಾರಿಗಾದ್ರೂ ಆಗುತ್ತೆ" ಅಂದ್ರು. ನಿಜ. 1600 ಇನ್ನೊಂದು ಎಎಂ4 ಬೋರ್ಡ್ ಸಿಕ್ಕಿದ್ರೆ ಅಲ್ಲಿ ದುಡಿಯುತ್ತೆ, ಲಿನಕ್ಸ್ ಹಾಕಿ ನಮ್ಮ ಬೀದಿಯ ಹುಡುಗರ ಟೈಪಿಂಗ್ ಅಭ್ಯಾಸಕ್ಕೆ ಕೊಡೋ ಯೋಚನೆ ಇದೆ.

ನಿಮ್ಮನೆ ಕಂಪ್ಯೂಟರ್ ಹೊಟ್ಟೆಯಲ್ಲಿ ಯಾವುದಿದೆ, ಎಷ್ಟು ವರ್ಷ ಆಯ್ತು? ಬರೀರಿ, ಒಟ್ಟಿಗೆ ಲೆಕ್ಕ ಹಾಕೋಣ.